ಹಾಡು ಕಟ್ಟಿದವರ ಹೆಸರು ಹೇಳಿ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ಸಾಲಿನಿಂದ ಹೊರಬಿದ್ದು, ಫ್ಲೈಓವರಿನ ನೆರಳಲ್ಲೇ ನಡೆದರೆ ಸ್ವಲ್ಪ ಹೊತ್ತಿಗೆಲ್ಲ ಪುರಭವನ ಸಿಗುತ್ತದೆ. ಅದರ ಮಗ್ಗುಲಲ್ಲೇ ರವೀಂದ್ರ ಕಲಾಕ್ಷೇತ್ರ. ಇಷ್ಟು ಚಿಕ್ಕ ದಾರಿಯಲ್ಲಿ ಹಳ್ಳಿಯ ಹಾಡು ಮೂರು ವೇಷ ಹಾಕುತ್ತದೆ. ಮಾರುಕಟ್ಟೆಯಲ್ಲಿ ಅದು ಗದ್ದಲದ ಒಂದು ಪಾಲು. ಪುರಭವನದ ಮೆಟ್ಟಿಲ ಮೇಲೆ, ಕೆಲವು ವರ್ಷಗಳ ಹಿಂದಿನವರೆಗೆ, ಘೋಷಣೆಯಾಗಿತ್ತು. ಕಲಾಕ್ಷೇತ್ರದ ಒಳಗೆ ಸಂಸ್ಕೃತಿ. ಒಬ್ಬ ಮನುಷ್ಯ ತನ್ನ ಹೊಟ್ಟೆಯ ಸಂಕಟವನ್ನು, ಆಸೆಯನ್ನು, ಸಿಟ್ಟನ್ನು ತೂಗಿ ನೋಡಿ ಕಟ್ಟಿದ ಹಾಡು ಎಂದು ಮಾತ್ರ ನಾವು ಅದನ್ನು ಎಲ್ಲಿಯೂ ಕೇಳಿಸಿಕೊಳ್ಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ರಾಜ್ಯೋತ್ಸವದ ವೇದಿಕೆಗಳಲ್ಲಿ ನಿರೂಪಕರು ಹೇಳುವ ಒಂದು ಮಾತು ಎಲ್ಲರಿಗೂ ಪರಿಚಿತ: ಈಗ ಒಂದು ಜನಪದ ಗೀತೆ. ಆಮೇಲೆ ಬರುವುದು ಕೆಲವೊಮ್ಮೆ ನಿಜಕ್ಕೂ ಯಾರು ಕಟ್ಟಿದರೋ ತಿಳಿಯದ ಹಳೆಯ ಹಾಡು. ಇನ್ನು ಕೆಲವೊಮ್ಮೆ ನಮ್ಮ ಕಣ್ಣೆದುರೇ ಬದುಕಿದ್ದ, ವಿಳಾಸವಿದ್ದ, ಪುಸ್ತಕಗಳಿದ್ದ ಕವಿಯೊಬ್ಬ ಬರೆದದ್ದು. ಹಾಡಿನಲ್ಲಿ ತಮಟೆ ಇದ್ದರೆ, ಭಾಷೆ ಕೇರಿಯದಾಗಿದ್ದರೆ, ಬರೆದವರು ಯಾರೆಂದು ಕೇಳುವ ಗೋಜಿಗೇ ನಾವು ಹೋಗುವುದಿಲ್ಲ. ಈ ಅನ್ಯಾಯ ಹೆಚ್ಚಾಗಿ ಆಗಿರುವುದು 1970ರ ದಶಕದ ದಲಿತ ಚಳವಳಿಯಲ್ಲಿ ಹುಟ್ಟಿದ ಹಾಡುಗಳಿಗೆ. ಆ ಹಾಡುಗಳ ನಡುವೆ ನಿಂತಿರುವ ದೊಡ್ಡ ಹೆಸರು ಸಿದ್ದಲಿಂಗಯ್ಯ.

ಸಿದ್ದಲಿಂಗಯ್ಯ ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಅವರ ಆತ್ಮಕತೆ ‘ಊರುಕೇರಿ’ಯ ಮೊದಲ ಪುಟಗಳಲ್ಲೇ ಒಂದು ನೋಟ ಬರುತ್ತದೆ. ಹೊಲದಲ್ಲಿ ಎತ್ತುಗಳ ಬದಲಿಗೆ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಹಿಂದೆ ಇನ್ನೊಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ಹುಡುಗನ ಅಪ್ಪ. ಮೇಷ್ಟ್ರು ಹೇಳಿಕೊಡುವ ಅಲಂಕಾರಗಳಲ್ಲಿ ಯಾವುದನ್ನೂ ಬಳಸದೆ, ದನಿ ಎತ್ತರಿಸದೆ ಅವರು ಇದನ್ನು ಹೇಳಿಬಿಡುತ್ತಾರೆ. ಓದಿದವರಿಗೆ ಆ ನೊಗದ ಭಾರ ಮರೆಯುವುದಿಲ್ಲ. ಮುಂದೆ ಆ ಸಂಸಾರ ಬೆಂಗಳೂರಿಗೆ ಬಂತು. ಶ್ರೀರಾಂಪುರದ ಗಲ್ಲಿಗಳು, ಗೋಪಾಲಪುರದ ಹಾಸ್ಟೆಲ್ಲು, ಓದಲು ಬರೆಯಲು ಪ್ರಶಸ್ತವಾದ ಜಾಗವೆಂದು ಹುಡುಗ ಆರಿಸಿಕೊಂಡ ಸ್ಮಶಾನ. ಊರಿನ ಕೇರಿಯಿಂದ ಹೊರಟವನಿಗೆ ನಗರ ಕೊಟ್ಟದ್ದು ಇನ್ನೊಂದು ಕೇರಿಯನ್ನು. ಆದರೆ ಈ ಕೇರಿಯಲ್ಲಿ ಸಭೆಗಳಿದ್ದವು, ಮೆರವಣಿಗೆಗಳಿದ್ದವು, ಡಿ.ಆರ್. ನಾಗರಾಜ್ ಅವರಂಥ ಗೆಳೆಯರಿದ್ದರು.

1973ರಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಸಚಿವ ಬಿ. ಬಸವಲಿಂಗಪ್ಪನವರ ಮಾತಿನಿಂದ ಬೂಸಾ ಗಲಾಟೆ ಎದ್ದಿತು. ದಲಿತ ವಿದ್ಯಾರ್ಥಿಗಳು ಹಾಸ್ಟೆಲುಗಳಲ್ಲಿ ಏಟು ತಿಂದರು. ಆ ಏಟಿನ ಬೆನ್ನಲ್ಲೇ ಬಿ. ಕೃಷ್ಣಪ್ಪನವರು ಮುಂದೆ ನಿಂತು ಕಟ್ಟಿದ ದಲಿತ ಸಂಘರ್ಷ ಸಮಿತಿ ಬಂತು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಅಚ್ಚಾಯಿತು. ಕವಿಗೆ ಆಗ ಇಪ್ಪತ್ತೊಂದು ವರ್ಷ. 1979ರಲ್ಲಿ ‘ಸಾವಿರಾರು ನದಿಗಳು’. ಈ ಎರಡು ತೆಳ್ಳನೆಯ ಪುಸ್ತಕಗಳು ಕನ್ನಡ ಕಾವ್ಯದ ದಿಕ್ಕು ಬದಲಿಸಿದವು ಎಂದು ವಿಮರ್ಶಕರು ಬರೆದಿದ್ದಾರೆ. ಸರಿಯೇ. ಆದರೆ ಅವುಗಳನ್ನು ಪುಸ್ತಕವಾಗಿ ಓದಿದವರಿಗಿಂತ ಹಾಡಾಗಿ ಕೇಳಿದವರ ಸಂಖ್ಯೆ ಎಷ್ಟೋ ಪಾಲು ದೊಡ್ಡದು. ಅಕ್ಷರ ಬಾರದ ಕೂಲಿ ಹೆಂಗಸಿಗೂ ಬಾಯಿಪಾಠವಾದ ಕನ್ನಡ ಕವಿತೆಗಳು ಆ ಕಾಲದಲ್ಲಿ ಬೇರೆ ಎಷ್ಟಿದ್ದವು?

ಈ ಹಾಡುಗಳ ಜೊತೆ ಹೋದ ತಮಟೆಯನ್ನು ಹತ್ತಿರದಿಂದ ನೋಡಬೇಕು. ಮರದ ಅಥವಾ ಕಬ್ಬಿಣದ ಬಳೆಗೆ ಬಿಗಿದ ಚರ್ಮ. ಎಡಗೈಯಲ್ಲಿ ಸಪೂರವಾದ ಉದ್ದ ಕಡ್ಡಿ, ಬಲಗೈಯಲ್ಲಿ ದಪ್ಪನೆಯ ಗಿಡ್ಡ ಕೋಲು. ನುಡಿಸುವ ಮುಂಚೆ ಹುಲ್ಲನ್ನೋ ಹಳೆಯ ಕಾಗದವನ್ನೋ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ, ತಮಟೆಯನ್ನು ಉರಿಯ ಮೇಲೆ ತಿರುಗಿಸುತ್ತಾರೆ. ಕಾಯುತ್ತಾ ಕಾಯುತ್ತಾ ಚರ್ಮ ಬಿಗಿಯುತ್ತದೆ. ಬೆರಳಲ್ಲಿ ತಟ್ಟಿ ನೋಡಿ, ಸಾಲದಿದ್ದರೆ ಮತ್ತೆ ಉರಿಗೆ ಹಿಡಿಯುತ್ತಾರೆ. ಶ್ರುತಿ ಮಾಡುವುದೆಂದರೆ ಇದೇ. ತಂಬೂರಿಯ ತಂತಿ ಬಿಗಿಯುವವರ ಎದುರು ಮೌನವಾಗಿ ಕಾಯುವ ಸಭೆ, ತಮಟೆ ಕಾಯಿಸುವವರ ಎದುರು ಮಾತಿಗೆ ಕೂರುತ್ತದೆ. ಸಾವಿನ ಮನೆಯಲ್ಲಿ, ಊರಹಬ್ಬದಲ್ಲಿ ಬಿಟ್ಟಿಯಾಗಿ ಬಡಿಯಬೇಕಾಗಿದ್ದ ವಾದ್ಯವನ್ನು ಚಳವಳಿಯ ಹಾಡುಗಾರರು ಸ್ವಂತ ಹಾಡಿಗೆ ತಿರುಗಿಸಿಕೊಂಡರು. ಅದೊಂದೇ ಸಾಕು, ಈ ಹಾಡುಗಾರಿಕೆಯನ್ನು ಕಲೆಯ ಚರಿತ್ರೆಯಲ್ಲಿ ದೊಡ್ಡ ಘಟನೆಯೆಂದು ಬರೆಯಲು.

ಹಾಡಿದವರು ಯಾರು? ಮೈಸೂರಿನ ಜನಾರ್ದನ್ ಅವರನ್ನು ಜನ್ನಿ ಎಂದರೆ ಎಲ್ಲರೂ ಬಲ್ಲರು. ಕೋಲಾರದ ಕಡೆಯ ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್. ಬರೆಯುವವರಲ್ಲಿ ಕೋಟಿಗಾನಹಳ್ಳಿ ರಾಮಯ್ಯ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ‘ಆದಿಮ’ ಸಾಂಸ್ಕೃತಿಕ ಕೇಂದ್ರವನ್ನು ಕಟ್ಟಿದವರಲ್ಲಿ ರಾಮಯ್ಯನವರು ಪ್ರಮುಖರು. ಅವರ ಬಹಳ ಹಾಡುಗಳನ್ನು ಇವತ್ತಿಗೂ ಜನ ಅವರದೆಂದು ತಿಳಿಯದೆಯೇ ಹಾಡುತ್ತಾರೆ. ಇಲ್ಲಿ ಬರೆಯುವವನು ಒಬ್ಬ, ಹಾಡುವವನು ಇನ್ನೊಬ್ಬ, ಸೊಲ್ಲು ಹಿಡಿಯುವವರು ಹತ್ತು ಜನ. ಈ ಹಂಚಿಕೆಯೇ ಆ ಹಾಡಿನ ಬಲ. ಬರೆದವನ ಹೆಸರು ದಾರಿಯಲ್ಲೇ ಉದುರಿಹೋದದ್ದೂ ಇದೇ ಹಂಚಿಕೆಯಿಂದ.

ಸುಗಮ ಸಂಗೀತದಲ್ಲೂ ಹೀಗೆಯೇ ಹಂಚಿಕೆ ಇದೆಯಲ್ಲ ಎನ್ನಬಹುದು. ಇದೆ. ಆದರೆ ಬಸವನಗುಡಿ, ಮಲ್ಲೇಶ್ವರದ ಯಾವ ಸಭೆಯಲ್ಲೂ ಬೇಂದ್ರೆಯವರ ಹಾಡನ್ನು ಹೆಸರು ಹೇಳದೆ ಹಾಡುವುದಿಲ್ಲ. ಸಾಹಿತ್ಯ ಇಂಥವರದು, ರಾಗ ಸಂಯೋಜನೆ ಸಿ. ಅಶ್ವತ್ಥ್ ಅವರದು ಅಥವಾ ಮೈಸೂರು ಅನಂತಸ್ವಾಮಿಯವರದು ಎಂದು ಗಾಯಕರೇ ಹೇಳುತ್ತಾರೆ. ಕಾಳಿಂಗರಾಯರ ಕಾಲದಿಂದ ಬೆಳೆದು ಬಂದ ಒಳ್ಳೆಯ ಪದ್ಧತಿ ಅದು. ಆ ಮರ್ಯಾದೆ ಕೇರಿಯ ಹಾಡಿಗೆ ಏಕಿಲ್ಲ? ಒಂದೇ ನಗರ, ಒಂದೇ ಭಾಷೆ, ಒಂದೇ ವೇದಿಕೆ; ಭಾವಗೀತೆಗೆ ಕವಿ ಇದ್ದಾನೆ, ತಮಟೆಯ ಹಾಡಿಗೆ ಜನಪದ ಇದೆ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ಜನಪದದ ಸೊಗಸೇ ಅನಾಮಿಕತೆ, ಹಾಡು ಎಲ್ಲರ ಸೊತ್ತು, ಅದಕ್ಕೆ ಒಡೆಯನ ಹೆಸರು ಅಂಟಿಸುವುದು ಪಟ್ಟಣದ ವ್ಯಾಪಾರಿ ಬುದ್ಧಿ. ಕೇಳಲು ಇಂಪಾದ ವಾದ. ಕನ್ನಡದ ಚರಿತ್ರೆಗೆ ಮಾತ್ರ ಒಪ್ಪುವುದಿಲ್ಲ. ನಮ್ಮಲ್ಲಿ ವಚನಕ್ಕೆ ಅಂಕಿತವಿದೆ, ದಾಸರ ಪದಕ್ಕೆ ಅಂಕಿತವಿದೆ, ತತ್ವಪದಕ್ಕೆ ಅಂಕಿತವಿದೆ. ಶಿಶುನಾಳ ಷರೀಫರು (1819–1889) ಶಿಗ್ಗಾಂವಿ ಸೀಮೆಯ ಹಳ್ಳಿಯಲ್ಲಿ ಕೂತು ಸೋರುವ ಮಾಳಿಗೆಯ ಮೇಲೆ, ಗುಡಗುಡಿಯ ಮೇಲೆ ಪದ ಕಟ್ಟಿ, ತಾವೇ ಹಾಡಿ, ಕೊನೆಗೆ ಶಿಶುನಾಳಾಧೀಶನ ಮುದ್ರೆ ಒತ್ತುತ್ತಿದ್ದರು. ಹಾಡನ್ನು ಯಾರು ಬೇಕಾದರೂ ಹಾಡಲಿ, ಕಟ್ಟಿದವನ ಗುರುತು ಅದರೊಳಗೇ ಇರಲಿ ಎಂಬ ವ್ಯವಸ್ಥೆ ಅದು. ನೂರಕ್ಕೂ ಹೆಚ್ಚು ವರ್ಷದ ಬಳಿಕ ಬೆಂಗಳೂರಿನಲ್ಲಿ ರಘು ದೀಕ್ಷಿತ್ ಅದೇ ಪದಗಳನ್ನು ಗಿಟಾರಿನ ಜೊತೆ ಹಾಡಿದಾಗಲೂ ಷರೀಫರ ಹೆಸರು ಅಳಿಯಲಿಲ್ಲ. ಅಂಕಿತವಿದ್ದ ಹಾಡು ಎಲ್ಲರದೂ ಆಯಿತು, ಕಟ್ಟಿದವರದೂ ಆಗಿ ಉಳಿಯಿತು. ಸಿದ್ದಲಿಂಗಯ್ಯನವರ ಪೀಳಿಗೆ ದೇವರ ಮುದ್ರೆ ಒತ್ತಲಿಲ್ಲ. ಒತ್ತಬೇಕಾದ ಕಾಲವೂ ಅದಲ್ಲ. ಅವರ ಪರವಾಗಿ ಹೆಸರು ಹೇಳಬೇಕಾದವರು ನಾವು.

ನಿಜಕ್ಕೂ ಹೆಸರು ತಿಳಿಯದ ಹಾಡುಗಳಲ್ಲೂ ಯಾರ ಹೆಸರು ಉಳಿಯಿತು, ಯಾರದು ಅಳಿಯಿತು ಎಂದು ನೋಡಬೇಕು. 1931ರಲ್ಲಿ ಬಂದ ‘ಗರತಿಯ ಹಾಡು’ ಕನ್ನಡಕ್ಕೆ ಹಲಸಂಗಿ ಗೆಳೆಯರು ಕೊಟ್ಟ ದೊಡ್ಡ ಕಾಣಿಕೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಸಂಗ್ರಾಹಕರನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಬೀಸುವ ಕಲ್ಲಿನ ಮುಂದೆ ಕೂತು ಆ ತ್ರಿಪದಿಗಳನ್ನು ಹೊಂದಿಸಿದ ಹೆಂಗಸರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಅಂಕೋಲೆಯ ಬಡಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಹಾಲಕ್ಕಿ ಸಮುದಾಯದ ಹಾಡಿಗೆ ಒಂದು ಮುಖ, ಒಂದು ಹೆಸರು ಸಿಕ್ಕಿತು. ಆ ಹಾಡು ಅದರಿಂದ ಸಮುದಾಯದ್ದಲ್ಲದೆ ಹೋಯಿತೇ? ಇಲ್ಲ.

ಈ ಪ್ರಶ್ನೆಯನ್ನು ನಮಗಿಂತ ಮುಂಚೆ, ನಮಗಿಂತ ಕಹಿಯಾಗಿ ಎದುರಿಸಿದವರು ಅಮೆರಿಕದ ಕಪ್ಪು ಜನ. ಹತ್ತಿಯ ಹೊಲಗಳಲ್ಲಿ ಪಾಲಿಗೆ ದುಡಿದು ಸಾಲದಲ್ಲಿ ಮುಳುಗಿದ್ದ ಕುಟುಂಬಗಳ ನಡುವೆ ಬೆಳೆದದ್ದು ಬ್ಲೂಸ್. ಲೆಡ್‌ಬೆಲ್ಲಿ ಎಂಬ ಅದ್ಭುತ ಹಾಡುಗಾರನನ್ನು ಜನಪದ ಸಂಗ್ರಾಹಕರಾದ ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಸೆರೆಮನೆಯಲ್ಲಿ ಕಂಡರು, ಹೊರಗೆ ಬಂದ ಮೇಲೆ ನಗರದ ವೇದಿಕೆಗೆ ತಂದರು. ‘ಗುಡ್‌ನೈಟ್ ಐರೀನ್’ ಹಾಡಿನ ಹಕ್ಕಿನಲ್ಲಿ ಲೋಮ್ಯಾಕ್ಸರ ಹೆಸರೂ ಸೇರಿಕೊಂಡಿತು. ಲೆಡ್‌ಬೆಲ್ಲಿ ತೀರಿಕೊಂಡದ್ದು 1949ರ ಡಿಸೆಂಬರಿನಲ್ಲಿ, ಬಡತನದಲ್ಲಿ. ಮರುವರ್ಷವೇ ಬೇರೆ ತಂಡವೊಂದು ಹಾಡಿದ ಅದೇ ಹಾಡು ದೇಶದಲ್ಲೆಲ್ಲ ಮೊದಲನೆಯ ಸ್ಥಾನಕ್ಕೇರಿತು. ಸಂಗ್ರಾಹಕರು ಇರದಿದ್ದರೆ ಆ ಹಾಡು ನಮಗೆ ಸಿಗುತ್ತಲೇ ಇರಲಿಲ್ಲ ಎಂಬುದೂ ನಿಜ. ಉಳಿಸಿದವರಿಗೆ ಋಣಿಯಾಗಿರೋಣ, ಕಟ್ಟಿದವನ ಪಾಲನ್ನು ಅವರಿಗೆ ಕೊಡುವುದು ಬೇಡ.

ಹೆಸರಿನ ಮಾತಾಯಿತು. ಇನ್ನು ವೇಷದ್ದು. 1938ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಬ್ಲೂಸ್ ಹಾಡುಗಾರ ಬಿಗ್ ಬಿಲ್ ಬ್ರೂನ್ಜಿಯವರನ್ನು ಹಳ್ಳಿಯಿಂದ ನೇರವಾಗಿ ಬಂದ ಬಡ ರೈತನೆಂಬಂತೆ ಸಭೆಗೆ ಪರಿಚಯಿಸಿದರು. ಅಷ್ಟು ಹೊತ್ತಿಗೆ ಅವರು ಚಿಕಾಗೊ ನಗರದಲ್ಲಿ ವರ್ಷಗಟ್ಟಲೆ ಬದುಕಿ, ರಾಶಿ ರಾಶಿ ಧ್ವನಿಮುದ್ರಿಕೆ ತಂದಿದ್ದ ಪಳಗಿದ ಕಲಾವಿದ. 1958ರಲ್ಲಿ ಇನ್ನೊಬ್ಬ ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ಇಂಗ್ಲೆಂಡಿಗೆ ವಿದ್ಯುತ್ ಗಿಟಾರ್ ಹಿಡಿದು ಹೋದಾಗ ಕೆಲವು ಶ್ರೋತೃಗಳು ಬೆಚ್ಚಿದರು. ಅವರು ಎದುರು ನೋಡುತ್ತಿದ್ದದ್ದು ಮರದ ಗಿಟಾರಿನ ಹಳ್ಳಿಗನನ್ನು. ನಮ್ಮಲ್ಲೂ ಇದೇ ನಡೆಯುತ್ತಿದೆ. ಕನಕಪುರದ ಕಡೆಯಿಂದ ಬಂದು ಗಾರ್ಮೆಂಟ್ಸ್‌ನಲ್ಲೋ ಶಾಲೆಯಲ್ಲೋ ಕೆಲಸ ಮಾಡುತ್ತಾ ಪ್ಯಾಂಟು ಶರಟಿನಲ್ಲೇ ಓಡಾಡುವ ಹಾಡುಗಾರ ವೇದಿಕೆಗೆ ಬರುವಾಗ ಮಾತ್ರ ರುಮಾಲು ಸುತ್ತಬೇಕು, ಕಂಬಳಿ ಹೊದೆಯಬೇಕು. ರಾಗಿ, ಜೋಳ, ಜಾತ್ರೆಗಳ ಮೇಲೆ ಹಾಡಬೇಕು. ಮೆಟ್ರೊ ಕಾಮಗಾರಿಯಲ್ಲಿ ಕಲ್ಲು ಹೊತ್ತ ತನ್ನ ತಮ್ಮನ ಮೇಲೆ ಹಾಡು ಕಟ್ಟಿದರೆ ಅದು ಜನಪದವಲ್ಲ ಎನ್ನುತ್ತೇವೆ. ಹಾಗಾದರೆ ಅದು ಏನು? ಆತನ ಅಜ್ಜ ಮಳೆಯ ಮೇಲೆ ಹಾಡು ಕಟ್ಟಿದಾಗ ತನ್ನ ಅಂದಿನ ಬದುಕನ್ನೇ ಅಲ್ಲವೇ ಕಟ್ಟಿದ್ದು?

ಈ ವೇಷದ ಒತ್ತಾಯ ಎಡಗಡೆಯಿಂದಲೂ ಬರುತ್ತದೆ ಎಂಬುದನ್ನು ಮುಚ್ಚಿಡಬಾರದು. ಸರ್ಕಾರಿ ಉತ್ಸವಕ್ಕೆ ನಗುವ ಹಳ್ಳಿಗ ಬೇಕು, ಚಳವಳಿಗೆ ಸದಾ ಸಿಡಿಯುವ ಹಳ್ಳಿಗ ಬೇಕು. ಸಿದ್ದಲಿಂಗಯ್ಯನವರ ವಿಷಯದಲ್ಲಿ ಆದದ್ದು ಇದೇ. ಪುಟ್ಟಣ್ಣ ಕಣಗಾಲರ ‘ಧರಣಿ ಮಂಡಲ ಮಧ್ಯದೊಳಗೆ’ (1983) ಚಿತ್ರಕ್ಕೆ ಅವರು ಗೆಳತಿಯನ್ನು ಕುರಿತು ಪ್ರೇಮಗೀತೆ ಬರೆದರು. ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದರು. ಭಕ್ತರೊಡನೆ ಜಗಳವಾಡುವ, ಬೈಸಿಕೊಳ್ಳುವ, ಮುನಿಸಿಕೊಳ್ಳುವ ಅಮ್ಮಂದಿರ ಕತೆಗಳನ್ನು ಪ್ರೀತಿಯಿಂದ ಬರೆದರು. ಎರಡು ಬಾರಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಬೆಂಕಿ ಆರಿತು, ಕವಿ ಅಧಿಕಾರದ ನೆರಳಿಗೆ ಸರಿದರು ಎಂಬ ಆಪಾದನೆ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ರಾಜಕೀಯದ ನಿಲುವುಗಳನ್ನು ರಾಜಕೀಯವಾಗಿ ಪ್ರಶ್ನಿಸುವ ಹಕ್ಕು ಎಲ್ಲರಿಗೂ ಇದೆ. ಚಳವಳಿಯಲ್ಲಿ ಜೊತೆ ನಡೆದವರಿಗೆ ಇನ್ನೂ ಹೆಚ್ಚು. ಆದರೆ ಹಾಡಿನ ಮೇಲಿನ ಆಪಾದನೆಯನ್ನು ನಾನು ಒಪ್ಪಲಾರೆ. ಬ್ಲೂಸ್ ಹಾಡುಗಳ ರಾಶಿಯನ್ನು ತೆಗೆದು ನೋಡಿದರೆ ಧಣಿಯನ್ನು ನೇರವಾಗಿ ಬೈಯುವ ಹಾಡುಗಳು ಕಡಿಮೆ. ಬಿಟ್ಟು ಹೋದ ಹೆಂಡತಿ, ತಪ್ಪಿದ ರೈಲು, ಕುಡಿತ, ಕಾಮ, ದೆವ್ವ, ಪ್ರವಾಹ, ನಗು, ಇವೇ ಹೆಚ್ಚು. ಯಾರೂ ಅದನ್ನು ದ್ರೋಹವೆನ್ನಲಿಲ್ಲ. ದುಡಿದು ದಣಿದವನಿಗೂ ಪ್ರೇಮವಿದೆ, ಅವನ ದೇವರೂ ಅವನಂತೆಯೇ ಹಸಿದಿದೆ ಎಂದು ಹಾಡುವುದೇ ಅವನನ್ನು ದನದಂತೆ ಕಂಡವರಿಗೆ ಕೊಡುವ ಉತ್ತರ. ನೊಗಕ್ಕೆ ಹೆಗಲು ಕೊಟ್ಟ ಅಪ್ಪನ ಮಗ ಗೆಳತಿಯ ಮೇಲೆ ಹಾಡು ಬರೆದದ್ದು, ಹಸಿದು ದುಡಿದವರ ಮೇಲೆ ಆತನೇ ಬರೆದ ‘ನನ್ನ ಜನಗಳು’ ಕವಿತೆಯ ಮುಂದುವರಿಕೆ. ‘ಊರುಕೇರಿ’ಯನ್ನು ಓದಿದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ, ಅಷ್ಟು ಹಸಿವಿನ ನಡುವೆ ಅಷ್ಟು ನಗಿಸುವ ಪುಸ್ತಕ ಕನ್ನಡದಲ್ಲಿ ಅಪರೂಪ.

ಒಂದು ವ್ಯತ್ಯಾಸವನ್ನು ಹೇಳಲೇಬೇಕು. ಬ್ಲೂಸ್ ಹಾಡುಗಾರ ಬಹುಮಟ್ಟಿಗೆ ಒಂಟಿ. ‘ನಾನು’ ಎಂದು ಹಾಡುತ್ತಾನೆ, ಕೇಳುವವರು ಅದರಲ್ಲಿ ತಮ್ಮನ್ನು ಕಾಣುತ್ತಾರೆ. ನಮ್ಮ ಹಾಡು ಮೇಳದ್ದು, ಸೊಲ್ಲಿಗೆ ಸೊಲ್ಲು ಸೇರಿಸುವವರಿಲ್ಲದೆ ಅದು ಏಳುವುದಿಲ್ಲ. ಆದ್ದರಿಂದ ಅಮೆರಿಕದ ಮಾದರಿಯನ್ನು ಇಲ್ಲಿಗೆ ಎತ್ತಿ ತರಬೇಕಿಲ್ಲ. ಅಲ್ಲಿಂದ ನಾವು ಕಲಿಯಬೇಕಾದದ್ದು ಹಾಡಿಗೆ ಒಂದು ಜಾಗ ಬೇಕು ಎಂಬ ಪಾಠವನ್ನು.

ಮಿಸಿಸಿಪಿಯ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮಡ್ಡಿ ವಾಟರ್ಸ್ 1943ರಲ್ಲಿ ಚಿಕಾಗೊಗೆ ಹೊರಟರು. ಹಾಗೆ ಹಳ್ಳಿ ಬಿಟ್ಟು ಬಂದ ಲಕ್ಷಾಂತರ ಕಪ್ಪು ಜನರ ಹಾಡಿಗೆ ಆ ನಗರದಲ್ಲಿ ಸಿಕ್ಕ ಜಾಗಗಳಲ್ಲಿ ಒಂದು ಮ್ಯಾಕ್ಸ್‌ವೆಲ್ ಬೀದಿಯ ಸಂತೆ. ಭಾನುವಾರ ಬೆಳಿಗ್ಗೆ ಹಳೆಯ ಬಟ್ಟೆ, ತರಕಾರಿ, ಸಾಮಾನುಗಳ ನಡುವೆ ಹಾಡುಗಾರರು ನಿಲ್ಲುತ್ತಿದ್ದರು. ಪಕ್ಕದ ಮನೆಯಿಂದ, ಅಂಗಡಿಯಿಂದ ವೈರ್ ಎಳೆದು ಗಿಟಾರಿಗೆ ಕರೆಂಟು ಕೊಡುತ್ತಿದ್ದರು. ಸಂತೆಯ ಗದ್ದಲದ ಮೇಲೆ ಕೇಳಿಸಬೇಕಲ್ಲ! ಜಗತ್ತಿನ ಸಂಗೀತವನ್ನೇ ಬದಲಿಸಿದ ಆ ಗಡುಸು ನಾದಕ್ಕೆ ಅಂಥ ಬೀದಿಗಳೂ ಕಾರಣ. 1994ರಲ್ಲಿ ವಿಶ್ವವಿದ್ಯಾಲಯದ ವಿಸ್ತರಣೆಗೆಂದು ಆ ಸಂತೆಯನ್ನು ಎತ್ತಿಸಿದರು. ಬೇರೆ ಬೀದಿಯಲ್ಲಿ ಸಂತೆ ಮತ್ತೆ ಕೂಡಿತು, ಹಳೆಯ ಹಾಡಿನ ಕೂಟ ಮೊದಲಿನಂತೆ ಕೂಡಲಿಲ್ಲ.

ನಮ್ಮ ಮ್ಯಾಕ್ಸ್‌ವೆಲ್ ಬೀದಿ ಯಾವುದು? ಹಿಂದೆ ಸಿದ್ದಿಕಟ್ಟೆಯಾಗಿದ್ದು 1921ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯಾದ ಈ ಜಾಗವಲ್ಲದೆ ಇನ್ನಾವುದು? ಮಾಗಡಿ, ಕನಕಪುರ, ಹೊಸಕೋಟೆ, ಹೊಸೂರುಗಳ ಹೂವು ತರಕಾರಿ ಕೋಳಿ ಕೂಗುವ ಮುಂಚೆ ಇಲ್ಲಿಗೆ ಬಂದು ಬೀಳುತ್ತವೆ. ಸಿಂಬಿ ಸುತ್ತಿದ ತಲೆಯ ಮೇಲೆ ಮೂಟೆ ಹೊತ್ತ ಹಮಾಲಿ ದಾರಿ ಬಿಡಿ ಎಂದು ಕೂಗುವುದಕ್ಕೂ ಒಂದು ಲಯವಿದೆ, ಉಸಿರು ಬಿಡುವ ಕಡೆ ಹೆಜ್ಜೆ ಬೀಳುತ್ತದೆ. ಸೇವಂತಿಗೆಯ ಕುಚ್ಚು ಮಾರುವವರು ದರ ಕೂಗುವಾಗ ಕೊನೆಯ ಅಕ್ಷರವನ್ನು ಎಳೆದು ಎತ್ತರಿಸುತ್ತಾರೆ. ಪಕ್ಕದವನು ಅದೇ ಶ್ರುತಿಯಲ್ಲಿ ಒಂದು ರೂಪಾಯಿ ಇಳಿಸಿ ಹಿಡಿಯುತ್ತಾನೆ. ವಾದ್ಯಗಳ ಅಂಗಡಿಗಳಿರುವ ಬಳೇಪೇಟೆ ಕೂಗಳತೆಯಲ್ಲಿದೆ. ಧರ್ಮರಾಯನ ಗುಡಿಯಿಂದ ಹೊರಟ ಕರಗ ಚೈತ್ರದ ಹುಣ್ಣಿಮೆಯ ರಾತ್ರಿ ಈ ಪೇಟೆಗಳನ್ನೇ ಸುತ್ತುತ್ತದೆ. ಹಳ್ಳಿಯೂ ನಗರವೂ ಪ್ರತಿದಿನ ಮುಖಾಮುಖಿಯಾಗುವ ಜಾಗ ಬೆಂಗಳೂರಿನಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಆದರೂ ಇಲ್ಲಿ ಹಾಡುಗಾರನಿಗೆಂದು ಒಂದು ಜಗಲಿ ಇಲ್ಲ.

ಪುರಭವನದ ಮೆಟ್ಟಿಲುಗಳು ಬಹಳ ಕಾಲ ಆ ಜಗಲಿಯ ಕೆಲಸ ಮಾಡಿದವು. 1935ರ ಆ ಕಟ್ಟಡದ ಒಳಗೆ ಬಾಡಿಗೆ ಕೊಟ್ಟು ಕಾರ್ಯಕ್ರಮ ಮಾಡುವವರಿದ್ದರು, ಹೊರಗಿನ ಮೆಟ್ಟಿಲ ಮೇಲೆ ಬಿಟ್ಟಿಯಾಗಿ ಹಾಡುವವರಿದ್ದರು. ತಮಟೆ ಕಾಯಿಸಿ ಹಾಡು ಎತ್ತಿದರೆ ಬಸ್ಸಿನ ಕಿಟಕಿಯಿಂದ ಜನ ಇಣುಕುತ್ತಿದ್ದರು, ಮಾರುಕಟ್ಟೆಯಿಂದ ಬುಟ್ಟಿ ಹಿಡಿದು ಹೊರಟವರು ಒಂದು ಗಳಿಗೆ ನಿಲ್ಲುತ್ತಿದ್ದರು. 2021ರ ಆದೇಶದ ನಂತರ ನಗರದಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ಸಂಚಾರದ ಅಡಚಣೆ ಸುಳ್ಳಲ್ಲ. ಆಂಬುಲೆನ್ಸ್ ಸಿಕ್ಕಿಬೀಳುವ ಊರಿನಲ್ಲಿ ಆ ಕಾಳಜಿಯನ್ನು ತಳ್ಳಿಹಾಕಲಾಗದು. ಆದರೆ ಈ ನಿಯಮ ಘೋಷಣೆಯ ಜೊತೆ ಹಾಡನ್ನೂ ಒಂದು ಆವರಣದೊಳಗೆ ಕಳಿಸಿತು. ಅಲ್ಲಿ ಹಾಡುವವರೂ ಚಳವಳಿಯವರೇ, ಕೇಳುವವರೂ ಚಳವಳಿಯವರೇ. ಒಪ್ಪದವನ ಕಿವಿಗೂ ಆಕಸ್ಮಿಕವಾಗಿ ಬೀಳುವುದು ಬೀದಿಯ ಹಾಡಿನ ಜೀವ. ಅದು ಅಲ್ಲಿಗೆ ನಿಂತಿತು.

ಇದನ್ನು ಸರಿಪಡಿಸುವುದು ಕಷ್ಟದ ಕೆಲಸವಲ್ಲ. ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಈಗ ಮೆಟ್ರೊ ನಿಲ್ದಾಣವಿದೆ. ಅದರ ಹೊರಗೋ, ಹಳೆಯ ಕಟ್ಟಡದ ಮುಂಭಾಗದಲ್ಲೋ, ವ್ಯಾಪಾರ ಇಳಿಮುಖವಾಗುವ ಸಂಜೆ ಎರಡು ಗಂಟೆ ಹಾಡುಗಾರರು ನಿಲ್ಲಲು ಜಾಗ ಗುರುತಿಸಬಹುದು. ಅನುಮತಿಗೆ ಠಾಣೆಯಿಂದ ಠಾಣೆಗೆ ಅಲೆಸಬಾರದು. ವಿಷಯ ಇಂಥದ್ದೇ ಇರಬೇಕೆಂದು ಕಟ್ಟು ಹಾಕಬಾರದು, ರುಮಾಲು ಕಡ್ಡಾಯ ಮಾಡಬಾರದು. ಉತ್ಸವಗಳಿಗೆ ಕೋಟಿ ಲೆಕ್ಕದಲ್ಲಿ ಖರ್ಚು ಮಾಡುವ ಸರ್ಕಾರಕ್ಕೆ ಇದು ಹಣದ ಪ್ರಶ್ನೆಯೇ ಅಲ್ಲ. ಹೂವಿನ ವ್ಯಾಪಾರಿಗಳಿಗೆ, ಹಮಾಲಿಗಳಿಗೆ ತೊಂದರೆಯಾಗದ ಹೊತ್ತನ್ನು ಅವರನ್ನೇ ಕೇಳಿ ಗೊತ್ತು ಮಾಡಬೇಕು. ಮೊದಲ ಶ್ರೋತೃಗಳು ಅವರೇ.

ಸಿದ್ದಲಿಂಗಯ್ಯನವರು 2021ರ ಜೂನ್ 11ರಂದು, ಕೊರೊನಾ ಕಾಲದಲ್ಲಿ ತೀರಿಕೊಂಡರು. ಸಾವಿರಾರು ಜನ ಹಾಡುತ್ತಾ ಬೀಳ್ಕೊಡಬೇಕಾಗಿದ್ದ ಕವಿಗೆ ಆ ದಿನಗಳ ನಿರ್ಬಂಧದಲ್ಲಿ ಅದು ಸಿಗಲಿಲ್ಲ. ಮರುವರ್ಷ ಮರಣೋತ್ತರವಾಗಿ ಪದ್ಮಶ್ರೀ ಬಂತು. ಪ್ರಶಸ್ತಿಯ ಪಟ್ಟಿಯಲ್ಲಿ ಅವರ ಹೆಸರು ಭದ್ರವಾಗಿದೆ. ಹಾಡಿನ ಜೊತೆ ಅದು ಇನ್ನೂ ಓಡಾಡುತ್ತಿಲ್ಲ. ಶಾಲಾ ವಾರ್ಷಿಕೋತ್ಸವದ ಮೇಷ್ಟ್ರೇ, ವೇದಿಕೆಯ ನಿರೂಪಕರೇ, ಮೊಬೈಲಿನಲ್ಲಿ ಹಾಡು ಹಾಕಿ ಹಂಚುವ ಗೆಳೆಯರೇ, ಮುಂದಿನ ಸಲ ತಮಟೆಯ ಹಾಡೊಂದನ್ನು ಜನಪದ ಗೀತೆ ಎನ್ನುವ ಮೊದಲು ಅದನ್ನು ಬರೆದವರು ಯಾರೆಂದು ವಿಚಾರಿಸಿ. ಸಿದ್ದಲಿಂಗಯ್ಯನವರದಾದರೆ ಸಿದ್ದಲಿಂಗಯ್ಯ ಎನ್ನಿ, ಕೋಟಿಗಾನಹಳ್ಳಿ ರಾಮಯ್ಯನವರದಾದರೆ ಅವರ ಹೆಸರು ಹೇಳಿ. ಮೈಕಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿ.